ಒಂದು ‘ಇಲ್ಲ’ವನ್ನು ಕಾಪಾಡಿದವರು

ಬೀದಿಯೆಲ್ಲ ಮಲಗಿದ ಹೊತ್ತಿನಲ್ಲಿ ಪತ್ರಪೆಟ್ಟಿಗೆಯೊಂದರ ತಗಡಿನ ಮುಚ್ಚಳ ಕಿರ್ ಎಂದಿತು. ಸದ್ದು ಅಷ್ಟೇ. ಲಕೋಟೆ ಹಾಕಿದ ಕೈ ಮಾತ್ರ ಕೆಂಡ ಮುಟ್ಟಿದಂತೆ ಹಿಂದೆ ಸರಿಯಿತು. ಮಹಡಿಯಲ್ಲಿ ದೀಪ ಹೊತ್ತಿತು, ಪರದೆ ಅಲುಗಿತು. ಅಪರೂಪದ ಹಕ್ಕಿಗಳ ಪರಿಶೀಲನಾ ಸಮಿತಿಯ ಅತಿ ಕಿರಿಯ ಸದಸ್ಯೆ ಗೋಡೆಯ ನೆರಳು ಹಿಡಿದು ಮನೆಗೆ ಓಡಿದಳು.

ಆ ದೀಪ ಹೊತ್ತಿಸಿದವರು ಸಮಿತಿಯ ಕಾರ್ಯದರ್ಶಿಗಳು; ಈಗ ನಿವೃತ್ತರಾಗುತ್ತಿರುವ, ಎಲ್ಲರೂ ಅಕ್ಕ ಎಂದೇ ಕರೆಯುವ ಹಿರಿಯರು. ಹಕ್ಕಿ ನೋಡುವವರಿಗೆ ನಮ್ಮಲ್ಲಿ ಬರವಿಲ್ಲ. ನೋಡಿದೆನೆಂಬ ಮಾತನ್ನು ತೂಗುವ ತಕ್ಕಡಿಯನ್ನು ಇಷ್ಟು ವರ್ಷ ನಡುಗದ ಕೈಯಲ್ಲಿ ಹಿಡಿದವರು ಅವರೊಬ್ಬರೇ. ಅವರು ಬಂದಾಗ ಸಮಿತಿಯಲ್ಲಿ ಕೈಯೆತ್ತಿ ಮತ ಹಾಕುವ ರೂಢಿಯಿತ್ತು. ಅಧ್ಯಕ್ಷರ ಕೈ ಏರಿದರೆ ಮಿಕ್ಕ ಕೈಗಳೂ ಏರುತ್ತಿದ್ದವು. ಅಕ್ಕ ಅದನ್ನು ನಿಲ್ಲಿಸಿದರು. ಪ್ರತಿಯೊಬ್ಬರೂ ಮತವನ್ನು ಹೆಸರು ಹಾಕದೆ ಗುಟ್ಟಾಗಿ ಬರೆದು ಕಳಿಸಬೇಕು. ತಾನು ಕಂಡ ಹಕ್ಕಿಗೆ ತಾನೇ ಮತ ಹಾಕುವಂತಿಲ್ಲ. ಕಾರಣವುಳ್ಳ ಒಂದೇ ಒಂದು ‘ಇಲ್ಲ’ ಬಂದರೂ ಎರಡನೆಯ ಸುತ್ತು ನಡೆಯಬೇಕು. ಅಲ್ಲಿ ಎರಡು ‘ಇಲ್ಲ’ ಬಿದ್ದರೆ ದಾಖಲೆಯಿಲ್ಲ. ಬಂದ ಕಾರಣಗಳನ್ನು ಅವರೇ ತಮ್ಮ ಮಾತಿನಲ್ಲಿ ತಿರುಗಿ ಬರೆದು, ಮೂಲವನ್ನು ಹರಿದುಹಾಕಿ, ಸದಸ್ಯರಿಗೆ ಹಂಚುತ್ತಿದ್ದರು. ಅಕ್ಷರದಿಂದಾಗಲಿ ಧಾಟಿಯಿಂದಾಗಲಿ ಬರೆದವರ ಗುರುತು ಹತ್ತಬಾರದು. ಒಪ್ಪಿಗೆಯಾಗದ ದಾಖಲೆಗೆ ‘ತಿರಸ್ಕೃತ’ ಎನ್ನದೆ ‘ಸಾಬೀತಾಗಿಲ್ಲ’ ಎಂದು ಬರೆಸಿದವರೂ ಅವರೇ. ನೊಂದು ಫೋನ್ ಮಾಡಿದ ಶಾಲಾ ಶಿಕ್ಷಕರೊಬ್ಬರಿಗೆ, “ನಿಮ್ಮ ಕಣ್ಣು ಸುಳ್ಳಲ್ಲ ಮೇಷ್ಟ್ರೇ, ಫೋಟೋ ಸಾಲ್ದು ಅಷ್ಟೆ” ಎಂದು ಸಮಾಧಾನ ಹೇಳಿದ್ದರು.

ನಿಯಮಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಆಗಿನ ಅಧ್ಯಕ್ಷರೇ ಕೆಂಪು ಕೊರಳಿನ ಪುಟ್ಟ ಹಕ್ಕಿಯೊಂದನ್ನು ಕಂಡು ದಾಖಲಿಸಿದಾಗ. ಅವರು ಹೆಸರಿಸಿದ ಹಕ್ಕಿಯೇ ಅದು, ಅನುಮಾನವಿರಲಿಲ್ಲ. ಆದರೆ ಚಿತ್ರದಲ್ಲಿ ಅದರ ಬಾಲದ ತುದಿ ತಂತಿಗೆ ಉಜ್ಜಿದಂತೆ ಸವೆದಿರುವುದು ಕಿರಿಯ ಸದಸ್ಯೆಯ ಕಣ್ಣಿಗೆ ಬಿತ್ತು: ಪಂಜರದಿಂದ ತಪ್ಪಿಸಿಕೊಂಡ ಹಕ್ಕಿ; ಸಾಕಿದ ಹಕ್ಕಿ ದಾಖಲೆಗೆ ಸಲ್ಲದು. ಅವಳು ತಾತ್ಕಾಲಿಕವಾಗಿ ದುಡಿಯುತ್ತಿದ್ದ ವಸ್ತುಸಂಗ್ರಹಾಲಯಕ್ಕೂ ಆ ಅಧ್ಯಕ್ಷರೇ ಮುಖ್ಯಸ್ಥರು. ಕೆಲಸ ಮುಂದುವರಿಯಲು ಅವರ ಸಹಿ ಬೇಕು. ಅಲ್ಲಿನ ಟಪಾಲೆಲ್ಲ ಅವರ ಮೇಜು ದಾಟಿಯೇ ಹೋಗಬೇಕು. ಅದಕ್ಕೇ ಆ ರಾತ್ರಿಯ ನಡಿಗೆ.

ಅಕ್ಕ ತನ್ನನ್ನು ಕಂಡಿದ್ದಾರೆ ಎಂಬುದೊಂದೇ ಅವಳ ಎದೆಯಲ್ಲಿ ಕುಟ್ಟುತ್ತಿತ್ತು.

“ಯಾಕೇ, ಕೋಳಿ ತಿಪ್ಪೆ ಕೆದಕಿದ ಹಾಗೆ ತಟ್ಟೆ ಕೆದಕ್ತಿದೀಯ?” ಎಂದರು ಮರುದಿನ ಊಟಕ್ಕೆ ಬಡಿಸುತ್ತ ಅಮ್ಮ.

“ಏನಿಲ್ಲಮ್ಮ.”

ವಸ್ತುಸಂಗ್ರಹಾಲಯದ ಕೋಣೆಯಲ್ಲಿ ಸೇರಿದ ಮುಂದಿನ ಸಭೆಯಲ್ಲಿ ಅಧ್ಯಕ್ಷರು ಕಾರಣದ ಹಾಳೆಯನ್ನು ಎತ್ತಿ ಹಿಡಿದರು. “ಯಾರಪ್ಪಾ ಅದು, ನನ್ನ ಹಕ್ಕಿ ಬಾಲ ಹಿಡ್ಕೊಂಡು ಜೋತಾಡ್ತಿರೋದು?” ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಧ್ಯಕ್ಷರ ನಗು ಮಾತ್ರ ಬೇಗ ಆರಿತು. “ಅಕ್ಕಾ, ನಿಮಗೆ ಗೊತ್ತಿರತ್ತೆ. ನನಗೂ ಹೇಳ್ಬಾರ್ದಾ?”

“ನಿಮಗೇ ಹೇಳ್ಬಾರ್ದು ಸಾರ್.”

“ಮುಂದಿನ ಸಭೆಗೆ ಈ ರೂಮು ಸಿಗತ್ತೆ ಅಂದ್ಕೋಬೇಡಿ.”

“ನಮ್ಮನೇಲಿ ಮೇಜಿದೆ, ಕುರ್ಚಿ ನಾಲ್ಕು ಕಮ್ಮಿ ಬೀಳತ್ತೆ. ತರಿಸ್ತೀನಿ ಬಿಡಿ.”

ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಅವಳು ಏನೋ ಹೇಳಲು ಬಾಯ್ತೆರೆದಳು. ಅಕ್ಕ ಚೀಲದ ಜಿಪ್ಪು ಎಳೆಯುತ್ತ, ಯಾರಿಗೋ ಎಂಬಂತೆ ಅಂದರು: “ನಮ್ಮನೆ ಪೋಸ್ಟ್ ಡಬ್ಬದ ಮುಚ್ಚಳ ತುಂಬಾ ಕಿರುಗುಟ್ತಿತ್ತು. ಎಣ್ಣೆ ಹಾಕ್ಸಿದೀನಿ.”

ಎರಡನೆಯ ಸುತ್ತಿನ ಲಕೋಟೆ ಸದ್ದಿಲ್ಲದೆ ಒಳಗೆ ಬಿತ್ತು. ಎಣಿಸಿದಾಗ ಮೂರು ‘ಇಲ್ಲ’ಗಳಿದ್ದವು. ಕೆಂಪು ಕೊರಳಿನ ಹಕ್ಕಿ ಸಾಬೀತಾಗಲಿಲ್ಲ; ಅವಳ ಕೆಲಸ ಉಳಿಯಿತು; ಸಮಿತಿ ಮಾತ್ರ ಅಂದಿನಿಂದ ಅಕ್ಕನ ಊಟದ ಮೇಜಿನ ಸುತ್ತಲೇ ಸೇರುತ್ತಿದೆ.

ಅಂದಿನ ಅಧ್ಯಕ್ಷರು ಈಗ ಈ ಪ್ರಸಂಗವನ್ನು ತಾವೇ ನಗುತ್ತ ಹೇಳುತ್ತಾರೆ. ಕೊನೆಗೆ, “ಯಾರು ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ನೋಡಿ” ಎಂದು ಒಂದೊಂದೇ ಮುಖವನ್ನು ನಿಧಾನವಾಗಿ ನೋಡುತ್ತಾರೆ. ಆ ನೋಟ ತನ್ನ ಮೇಲೆ ಬಂದಾಗ ಅವಳು ಈಗಲೂ ಎಲ್ಲರ ಜೊತೆ ನಗುತ್ತಾಳೆ.

ಅಕ್ಕನಿಗೆ ದೀರ್ಘಾಯುಸ್ಸಿರಲಿ, ಬಿಡುವಾದ ಬೆಳಗುಗಳಲ್ಲಿ ಯಾರ ಮತಕ್ಕೂ ಕಾಯದೆ ಅವರು ಹಕ್ಕಿ ನೋಡುವಂತಾಗಲಿ, ಹೊಸಬರಿಗೆ ತೂಕದ ಪಾಠ ಹೇಳುತ್ತಿರಲಿ. ಆ ಕಿರಿಯ ಸದಸ್ಯೆ ಯಾರೆಂದು ಈ ಅಭಿನಂದನ ಗ್ರಂಥದ ಸಂಪಾದಕರೂ ನನ್ನನ್ನು ಕೇಳಿದರು. ಅಕ್ಕನ ನಿಯಮ ಇನ್ನೂ ಜಾರಿಯಲ್ಲಿದೆ. ಅವಳು ಅಮ್ಮನಿಗೂ ಹೇಳಿಲ್ಲ. ಇನ್ನು ಯಾರಿಗೂ ಹೇಳುವುದಿಲ್ಲವೆಂದು ನಿರ್ಧರಿಸಿದ್ದಾಳೆ.