ಸೆರಗಿನ ತುದಿಯ ಅರಿಶಿನ

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿ ಹೇಳಿದ್ದೇನೆ. ಅದು ನನಗೇ ಹೇಳಿದ ಮಾತು ಎಂದು ತಿಳಿಯಲು ನನ್ನ ಮಗಳು ಬೇಕಾಯಿತು.

ವಿಜಯನಗರದ ಶಾಲೆಯೊಂದರಲ್ಲಿ ನಾನು ಟೀಚರ್, ಮಗಳು ಅಲ್ಲೇ ಒಂಬತ್ತನೇ ತರಗತಿ. ಬಿಸಾಡಿದ ಬಟ್ಟೆಯ ರಾಶಿ ಭೂಮಿಯನ್ನು ಹೇಗೆ ಹಾಳುಮಾಡುತ್ತಿದೆ ಎಂದು ಪಾಠ ಮಾಡಿದ ಆವೇಶದಲ್ಲಿ, ಒಂದು ವರ್ಷ ಹೊಸ ಬಟ್ಟೆ ಕೊಳ್ಳುವುದಿಲ್ಲವೆಂದು ಇಬ್ಬರೂ ಆಣೆ ಮಾಡಿದೆವು. ಅವಳು ಅದನ್ನು ನಂಬಿದಳು. ಯುಗಾದಿಗೆ ಹಳೆಯ ಚೂಡಿದಾರದ ಅಂಚು ಬಿಚ್ಚಿ, ಉದ್ದ ಮಾಡಿಕೊಂಡು ತೊಟ್ಟಳು. ಬಿಚ್ಚಿದ ಮಡಿಕೆಯ ಗೆರೆ ಎದ್ದು ಕಾಣುತ್ತಿತ್ತು. ನಾನು ಅದರ ಫೋಟೋ ಸ್ಟೇಟಸ್‌ಗೆ ಹಾಕಿ ಮೆಚ್ಚುಗೆ ಬಾಚಿಕೊಂಡೆ.

ಅದೇ ಹೊತ್ತಿಗೆ ನನ್ನ ಪಾರ್ಸೆಲ್‌ಗಳು ಅತ್ತಿಗುಪ್ಪೆಯ ನಮ್ಮ ಮನೆಗೆ ಬಾರದೆ, ಕೆಳಗಿನ ಮನೆಯ ಆಂಟಿಯ ಕೈ ಸೇರುತ್ತಿದ್ದವು. ಸೇಲ್ ಮುಗಿಯುತ್ತದೆ ಎಂದು ಒಂದು ಕುರ್ತಾ, ಬಣ್ಣ ಚೆನ್ನಾಗಿದೆ ಎಂದು ಇನ್ನೊಂದು. ಮಗಳು ಟ್ಯೂಷನ್‌ಗೆ ಹೋದ ಮೇಲೆ ತಂದು ಬೀರುವಿನ ತಳಕ್ಕೆ ತುರುಕುತ್ತಿದ್ದೆ. ನಾಚಿಕೆ ಆಗುತ್ತಿರಲಿಲ್ಲ ಅಂತಲ್ಲ. ಆಗುತ್ತಿತ್ತು, ಆದರೂ ತರಿಸುತ್ತಿದ್ದೆ.

ಆಮೇಲೆ ಶಾಲೆಯ ಪರಿಸರ ಕಾರ್ಯಕ್ರಮಕ್ಕೆ ಭಾಷಣ ನನ್ನದೇ ಎಂದರು. ಹೊಸ ಬಟ್ಟೆ ಕೊಳ್ಳಬೇಡಿ ಎಂದು ಹೇಳಲು ನಾನು ಹೊಸ ಕೈಮಗ್ಗದ ಸೀರೆ ತರಿಸಿದೆ. ಮಗಳಿಗೆ, "ಅಜ್ಜಿ ಸೀರೆ ಕಣೇ, ಬೀರು ತಳದಲ್ಲಿತ್ತು" ಎಂದೆ. ನನ್ನ ಅಮ್ಮ ಬಿಟ್ಟುಹೋದ ಸೀರೆಗಳನ್ನು ಎಂದೋ ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದೆ.

ವೇದಿಕೆಯ ಪಕ್ಕದಲ್ಲಿ ಮಗಳು ನನ್ನ ಸೆರಗಿನ ನೆರಿಗೆ ಹಿಡಿದು ಪಿನ್ ಹಾಕುತ್ತಿದ್ದಳು. ಅವಳ ಕೈ ನಿಂತಿತು. ಸೆರಗಿನ ತುದಿಯಲ್ಲಿ ಅರಿಶಿನದ ಬೊಟ್ಟು. ಹೊಸ ಬಟ್ಟೆಯ ಮೂಲೆಗೆ ಅರಿಶಿನ ಹಚ್ಚದೆ ಮೈಮೇಲೆ ಹಾಕಬಾರದೆಂದು ನನಗೆ ಅಮ್ಮ ಕಲಿಸಿದ್ದು, ಮಗಳಿಗೆ ನಾನು. ಆ ಬೆಳಿಗ್ಗೆ ದೇವರ ಮುಂದೆ ನಿಂತು, ಯೋಚಿಸದೆಯೇ ಹಚ್ಚಿಬಿಟ್ಟಿದ್ದೆ.

"ಇನ್ನೂ ಹಸಿ ಇದೆ ಅಮ್ಮ" ಎಂದಳು. ಬೊಟ್ಟು ಕಾಣದ ಹಾಗೆ ತುದಿಯನ್ನು ಒಳಕ್ಕೆ ಮಡಚಿ, ಅದಕ್ಕೂ ಒಂದು ಪಿನ್ ಹಾಕಿದಳು. ನಾನು ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳೂ ತಟ್ಟಿದಳು.

ಮುಂದಿನ ತಿಂಗಳು ಅವಳ ಹುಟ್ಟುಹಬ್ಬಕ್ಕೆ ಡ್ರೆಸ್ ತಂದು, ಅರಿಶಿನ ಹಚ್ಚಿ ಮುಂದಿಟ್ಟೆ. "ಸಾಕು, ಆ ಆಣೆ ಬಿಟ್ಹಾಕೋಣ ಕಣೇ" ಎಂದೆ. ಅವಳು ಡ್ರೆಸ್ ಮುಟ್ಟಲಿಲ್ಲ; ಅದೇ ಗೆರೆ ಬಿದ್ದ ಚೂಡಿದಾರಕ್ಕೆ ಇಸ್ತ್ರಿ ಹಾಕುತ್ತಿದ್ದಳು.

"ನೀನು ಬಿಟ್ಟಾಯ್ತಲ್ಲಮ್ಮ" ಎಂದಳು. "ನಂದು ಇನ್ನೂ ನಡೀತಾ ಇದೆ."