ಒಂದೇ ಕಾಲಿಗೆ ಬಿಗಿ ಸಾಕ್ಸ್

ಅಜ್ಜಂಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಪಾಠ ಮಾಡುತ್ತೇನೆ. ದಿನಕ್ಕೆ ಐದು ಪೀರಿಯಡ್, ಐದೂ ನಿಂತುಕೊಂಡೇ. ನಲವತ್ತೊಂದನೇ ವಯಸ್ಸಿನಲ್ಲಿ ಗೇರ್ ಸೈಕಲ್ ಕೊಂಡದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಬೆಳಗಿನ ಬಸ್ಸು ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ಮೊದಲು ಸ್ಕೂಲಿಗೆ ತುಳಿದೆ, ಆಮೇಲೆ ತರೀಕೆರೆಗೆ, ಆಮೇಲೆ ಬೀರೂರಿಗೆ. ವರ್ಷ ತುಂಬುವಷ್ಟರಲ್ಲಿ, ಭಾನುವಾರ ಬೆಳಗ್ಗೆ ಹೊರಟು ಬೀರೂರು, ಕಡೂರು ಮುಟ್ಟಿ, ತರೀಕೆರೆ ಮಾರ್ಗವಾಗಿ ಊಟದ ಹೊತ್ತಿಗೆ ಮನೆ ಸೇರುವುದು ನನಗೆ ರೂಢಿಯಾಗಿತ್ತು.

ಆ ದಾರಿಯಲ್ಲಿ ಸಿಕ್ಕವರು ಬೀರೂರಿನ ನಿವೃತ್ತ ರೈಲ್ವೆ ಗಾರ್ಡ್. ಅರವತ್ತಾರು ವಯಸ್ಸು, ಬೆತ್ತದಂಥ ಮೈ. ಮೊಣಕಾಲಿನವರೆಗೂ ಎಳೆದುಕೊಂಡ ಕಪ್ಪು ಸಾಕ್ಸ್. ಹುಲ್ಲುಗಾವಲಿನ ದನಗಳು ರಸ್ತೆ ದಾಟುತ್ತಿದ್ದವು. ಇಬ್ಬರೂ ಸೈಕಲ್ ನಿಲ್ಲಿಸಿ ಕಾಯುತ್ತಿದ್ದೆವು. ಅವರು ನನ್ನ ಕಾಲು ನೋಡಿ ಮೊದಲು ಆಡಿದ ಮಾತೇ ಇದು:

"ಏನ್ ಮೇಡಮ್ಮ, ಕಂಪ್ರೆಷನ್ ಸಾಕ್ಸ್ ಇಲ್ದೆ ಲಾಂಗ್ ಹೊಡೀತೀರಾ? ಇದು ರಕ್ತಾನ ಮೇಲಕ್ಕೆ ತಳ್ಳುತ್ತೆ ಕಣ್ರೀ. ಕಾಲಿಗೆ ಸುಸ್ತೇ ಗೊತ್ತಾಗಲ್ಲ."

ಅವರ ಮಾತಿಗೆ ಒಂದು ಜೊತೆ ತರಿಸಿದೆ. ಹಾಕಿಕೊಳ್ಳುವುದೇ ಒಂದು ಕೆಲಸ. ಹಿಮ್ಮಡಿ ಕೂರಿಸಿ, ಬೆರಳಲ್ಲಿ ಚೂರುಚೂರೇ ಮೇಲಕ್ಕೆ ಎಳೆದು ಮೊಣಕಾಲು ಮುಟ್ಟಿಸುವಷ್ಟರಲ್ಲಿ ಹಣೆಯಲ್ಲಿ ಬೆವರು. ಆದರೆ ಮೊದಲ ಭಾನುವಾರ ಹಾರಿಕೊಂಡು ಹೋದ ಹಾಗಾಯಿತು. ಮನೆಗೆ ಬಂದವಳೇ ಅತ್ತೆಯ ಮುಂದೆ ಹೊಗಳಿದೆ.

ನನ್ನ ಅತ್ತೆ ಐವತ್ತು ವರ್ಷದಿಂದ ರವಿಕೆ ಹೊಲಿಯುವವರು. ಮೆಷಿನ್ನಿನಿಂದ ತಲೆ ಎತ್ತದೆ ಅಂದರು: "ಹೊಸ ರವಿಕೆ ತೊಟ್ಟ ದಿನ ಎಲ್ರಿಗೂ ಮೈ ಹಗುರ ಆದಂಗೇ ಇರುತ್ತೆ ಕಣೇ. ಒಂದ್ ಕಾಲಿಗೆ ಹಾಕ್ಕೋ, ಇನ್ನೊಂದು ಬಿಡು. ಆಮೇಲೆ ಹೇಳು."

ವಿಜ್ಞಾನದ ಟೀಚರು ನಾನು. ಪ್ರಯೋಗ ಹೇಳಿಕೊಟ್ಟವರು ಅವರು. ನಾಚಿಕೆಯಾದರೂ ಒಪ್ಪಿಕೊಂಡೆ.

ಆರು ಭಾನುವಾರ ಹಾಗೇ ತುಳಿದೆ. ಒಂದು ವಾರ ಎಡಗಾಲಿಗೆ ಸಾಕ್ಸ್, ಮುಂದಿನ ವಾರ ಬಲಗಾಲಿಗೆ. ಹೊರಡುವ ಮುಂಚೆ ಮತ್ತು ಬಂದ ಮೇಲೆ ಅತ್ತೆ ತಮ್ಮ ಟೇಪಿನಲ್ಲಿ ಎರಡೂ ಕಾಲಿನ ಮೀನಖಂಡ, ಎರಡೂ ಪಾದದ ಗಂಟು ಅಳೆದು, ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆಯುತ್ತಿದ್ದರು. ಕಡೂರಿನ ಟೀ ಅಂಗಡಿಯವರು ನನ್ನ ಕಾಲು ನೋಡಿ, "ಇನ್ನೊಂದು ಎಲ್ಲಿ ಬಿದ್ದೋಯ್ತು ಮೇಡಂ?" ಎಂದು ಮುಖ ಸಣ್ಣದು ಮಾಡಿ ಕೇಳಿದ್ದರು. ನಿಜಕ್ಕೂ ಮರುಕದಿಂದ.

ಗಾರ್ಡ್ ಸಾಹೇಬರಿಗೆ ಈ ಪ್ರಯೋಗ ಕಂಡರೆ ಆಗುತ್ತಿರಲಿಲ್ಲ. "ಎರಡು ಕಾಲೂ ಸೇರಿ ಒಂದೇ ಗಾಡಿ ಎಳೀತಾವೆ. ಒಂದ್ ಕಾಲಿಗೇ ಬೇರೆ ಟೈಮ್ ಹೆಂಗ್ ಬತ್ತದೆ? ಸ್ಪೀಡ್ ನೋಡಬೇಕಂದ್ರೆ ಎರಡಕ್ಕೂ ಹಾಕ್ಕಂಡು ಒಂದ್ಸಲ, ಬಿಟ್ಟು ಒಂದ್ಸಲ ಯಾವ್ದಾದ್ರೂ ಏರು ಹತ್ತಿ."

ಮಾತು ಸರಿಯಾಗಿತ್ತು. ಹಾಗಾಗಿ ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಯ ಏರನ್ನು ಆರಿಸಿಕೊಂಡೆವು. ಆ ತಿರುವುಗಳಲ್ಲಿ ಗೇರು ಪೂರ್ತಿ ಇಳಿಸಿದ ಮೇಲೂ ಸೈಕಲ್ಲು ಹಿಂದಕ್ಕೇ ಎಳೆಯುತ್ತದೆ. ಮುಂದಿನ ತಿರುವಿನವರೆಗೆ ಮಾತ್ರ ಎಂದು ನಮಗೆ ನಾವೇ ಸುಳ್ಳು ಹೇಳಿಕೊಂಡು ಹತ್ತಬೇಕು. ನಾಲ್ಕು ಸಲ ಹತ್ತಿದೆ. ಎರಡು ಸಲ ಸಾಕ್ಸ್ ಹಾಕಿ, ಎರಡು ಸಲ ಹಾಕದೆ. ಎಲ್ಲಕ್ಕಿಂತ ಬೇಗ ಹತ್ತಿದ್ದು ಸಾಕ್ಸಿಲ್ಲದೆ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದಾಗ. ಎಲ್ಲಕ್ಕಿಂತ ತಡವಾದದ್ದು ಸಾಕ್ಸ್ ಹಾಕಿ, ಎದುರುಗಾಳಿ ಇದ್ದಾಗ.

"ಗಾಳಿ ಕಣ್ರೀ ಅದು, ಸಾಕ್ಸ್ ಅಲ್ಲ," ಅಂದರು ಸಾಹೇಬರು.

"ಅದನ್ನೇ ನಾನೂ ಹೇಳೋದು ಸಾರ್. ಗಾಳಿ, ನಿದ್ದೆ, ಬೆಳಗ್ಗೆ ತಿಂದ ರೊಟ್ಟಿ, ಇವುಗಳ ಮುಂದೆ ಸಾಕ್ಸಿನ ಲೆಕ್ಕವೇ ಇಲ್ಲ."

ಅತ್ತೆಯ ಗೋಡೆ ಮಾತ್ರ ಬೇರೆ ವಿಷಯ ಹೇಳುತ್ತಿತ್ತು. ಸಂಜೆ ಸಾಕ್ಸಿದ್ದ ಕಾಲು ಇನ್ನೊಂದಕ್ಕಿಂತ ಕಡಿಮೆ ಊದುತ್ತಿತ್ತು. ಎಡಬಲ ಬದಲಿಸಿದರೂ ಹಾಗೇ. ಸೋಮವಾರ ಸ್ಕೂಲಿನ ಮೆಟ್ಟಿಲು ಹತ್ತುವಾಗ ಆ ಕಾಲಿನ ನೋವೂ ಸ್ವಲ್ಪ ಕಡಿಮೆ ಅನ್ನಿಸುತ್ತಿತ್ತು. ನೋವಿನ ಮಾತನ್ನು ಅತ್ತೆ ನಂಬಲಿಲ್ಲ. "ಯಾವ ಕಾಲಿಗೆ ಹಾಕಿದ್ದೆ ಅಂತ ನಿನಗೆ ಗೊತ್ತಲ್ಲ. ಗೊತ್ತಿದ್ರೆ ಮನಸ್ಸು ಮೋಸ ಮಾಡುತ್ತೆ. ಟೇಪಿಗೆ ಏನೂ ಗೊತ್ತಿರಲ್ಲ," ಅಂದರು. ಅಲ್ಲಿಗೆ ನನ್ನ ತೀರ್ಮಾನ ಗಟ್ಟಿಯಾಯಿತು. ವೇಗಕ್ಕೆ ಈ ಸಾಕ್ಸ್ ಪ್ರಯೋಜನವಿಲ್ಲ. ಊತಕ್ಕೆ ಉಂಟು. ನೋವಿಗೆ ಇರಬಹುದು. ಸೈಕಲ್ ಹತ್ತುವಾಗ ತೆಗೆದಿಟ್ಟು, ನಿಂತು ಪಾಠ ಮಾಡುವ ದಿನ ಹಾಕಿಕೊಳ್ಳತೊಡಗಿದೆ. ಸಾಹೇಬರು ಮಾತ್ರ ತಮ್ಮ ನಂಬಿಕೆ ಬಿಡಲಿಲ್ಲ.

ಆ ವರ್ಷ ಅವರು ಹೆಂಡತಿಯ ಜೊತೆ ಕಾಶಿಗೆ ಹೋಗಿ ಬಂದರು. ಹೋಗುವಾಗಲೂ ಬರುವಾಗಲೂ ದಿನಗಟ್ಟಲೆ ರೈಲು. ಬಂದು ಮೂರನೇ ದಿನ, ಶನಿವಾರ ಮಧ್ಯಾಹ್ನ, ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಪ್ರಸಾದ ಹಿಡಿದು ನಮ್ಮ ಮನೆಗೆ ಬಂದಿದ್ದರು. ಬೀರೂರಿನಿಂದ ಬಸ್ಸಿನಲ್ಲಿ. ಸೈಕಲ್ ಬಿಟ್ಟು ಬಸ್ಸಿನಲ್ಲಿ ಬಂದದ್ದೇ ನನಗೆ ವಿಚಿತ್ರವೆನ್ನಿಸಿತು. ಬಾಗಿಲಿನಿಂದ ಕುರ್ಚಿಯವರೆಗೆ ಎಡಗಾಲನ್ನು ಎಳೆಯುತ್ತ ನಡೆದರು.

"ಏನಾಯ್ತು ಸಾರ್ ಕಾಲಿಗೆ?"

"ಏನಿಲ್ಲ, ಟ್ರೈನಲ್ಲಿ ಕೂತೂ ಕೂತೂ ಹಿಡ್ಕಂಡದೆ. ನಾಳೆ ಬೆಳಗ್ಗೆ ಸಾಕ್ಸ್ ಎಳ್ಕಂಡು ತರೀಕೆರೆಗಂಟ ಒಂದ್ ರೌಂಡ್ ಹೊಡದ್ರೆ ಸರಿ ಹೋಯ್ತದೆ."

"ಟ್ರೈನಲ್ಲಿ ಹಾಕ್ಕೊಂಡಿರಲಿಲ್ವಾ?"

"ಅಯ್ಯೋ, ಅದು ಸೈಕಲ್ಲಿಗೆ ಕಣ್ರೀ. ಕೂತ್ಕಳ್ಳಾದಕ್ಕೆ ಯಾಕೆ?"

ಅತ್ತೆ ಮೆಷಿನ್ ನಿಲ್ಲಿಸಿ ಎದ್ದರು. "ಪ್ಯಾಂಟ್ ಮೇಲೆತ್ತಿ ಸಾಹೇಬ್ರೇ."

ಅವರು ಸಂಕೋಚದಿಂದ ನನ್ನ ಮುಖ ನೋಡಿದರು. ಅತ್ತೆ ಕಾಯಲಿಲ್ಲ, ಕೊರಳಲ್ಲಿದ್ದ ಟೇಪು ತೆಗೆದು ನೆಲದ ಮೇಲೆ ಕೂತೇಬಿಟ್ಟರು. ಬಲಗಾಲಿನ ಮೀನಖಂಡ ಹದಿಮೂರೂವರೆ ಇಂಚು. ಎಡಗಾಲಿನದು ಹದಿನೈದು ದಾಟಿತ್ತು. ಮತ್ತೊಮ್ಮೆ ಅಳೆದರು, ಅಷ್ಟೇ ಬಂತು. ನಾನು ಮುಟ್ಟಿ ನೋಡಿದೆ. ಎಡಗಾಲು ಬಿಸಿಯಾಗಿತ್ತು, ಚರ್ಮ ಬಿಗಿದು ಕೆಂಪಾಗಿತ್ತು. ದಣಿದ ಕಾಲುಗಳು ಎರಡೂ ಊದುತ್ತವೆ. ಒಂದೇ ಕಾಲು ಹೀಗೆ ಊದಿದರೆ, ಅದೂ ಅಷ್ಟು ದೂರ ಕೂತು ಬಂದ ಮೇಲೆ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಎಂಬಷ್ಟು ನನಗೆ ಗೊತ್ತಿತ್ತು.

"ಸಾರ್, ಸಾಕ್ಸೂ ಬೇಡ, ಸೈಕಲ್ಲೂ ಬೇಡ. ಈಗಲೇ ಡಾಕ್ಟರ ಹತ್ರ ಹೋಗೋಣ."

"ಸೋಮವಾರ ನೋಡಣ ಬಿಡಿ."

"ರವಿಕೆಯ ಎರಡು ತೋಳಿಗೆ ಇಷ್ಟು ವ್ಯತ್ಯಾಸ ಬಂದ್ರೆ ನಾನು ಅವತ್ತೇ ಬಿಚ್ಚಿ ಹೊಲೀತೀನಿ," ಅಂದರು ಅತ್ತೆ. "ನೀವು ಅದರ ಮೇಲೆ ಬಿಗಿ ಚೀಲ ಎಳ್ದು ತುಳೀತೀನಿ ಅಂತೀರಲ್ಲ. ಏಳಿ ಮೇಲೆ."

ಅತ್ತೆಯ ದನಿಗೆ ಅವರು ಎದ್ದರು. ನನ್ನ ಗಂಡ ಕಾರು ತೆಗೆದರು. ಬೀರೂರಿನಲ್ಲಿದ್ದ ಅವರ ಹೆಂಡತಿಗೆ ಫೋನು ಮಾಡಿ, ನೇರ ಶಿವಮೊಗ್ಗಕ್ಕೆ ಹೊರಟೆವು. ದಾರಿಯುದ್ದಕ್ಕೂ ಸಾಹೇಬರು, ಇಷ್ಟಕ್ಕೆಲ್ಲ ಯಾಕೆ ಎನ್ನುತ್ತಲೇ ಇದ್ದರು.

ಸ್ಕ್ಯಾನ್ ಮಾಡಿದರು. ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಕೂತಿತ್ತು. ಅದು ಕಿತ್ತು ಶ್ವಾಸಕೋಶಕ್ಕೆ ಹೋಗಿದ್ದರೆ ಜೀವಕ್ಕೇ ಸಂಚಕಾರ, ಇವತ್ತೇ ಕರೆತಂದದ್ದು ಒಳ್ಳೆಯದಾಯಿತು ಎಂದ ಡಾಕ್ಟರು, ಅಲ್ಲೇ ಸೇರಿಸಿಕೊಂಡು ಇಂಜೆಕ್ಷನ್ ಶುರು ಮಾಡಿದರು. ಮರುದಿನ ನಾನು ನೋಡಲು ಹೋದಾಗ ಸಾಹೇಬರು ಡಾಕ್ಟರನ್ನೇ ಕೇಳುತ್ತಿದ್ದರು:

"ಡಾಕ್ಟ್ರೇ, ಟ್ರೈನಲ್ಲಿ ಸಾಕ್ಸ್ ಹಾಕ್ಕಂಡಿದ್ರೆ ಇದು ಆಯ್ತಿರಲಿಲ್ವಾ?"

"ಖಂಡಿತ ಅಂತ ಹೇಳೋಕಾಗಲ್ಲ. ಸ್ವಲ್ಪ ಸಹಾಯ ಆಗ್ತಿತ್ತೇನೋ. ಗಂಟೆಗೊಂದು ಸಲ ಎದ್ದು ಓಡಾಡಿ, ನೀರು ಚೆನ್ನಾಗಿ ಕುಡಿದಿದ್ರೆ ಇನ್ನೂ ಒಳ್ಳೇದಿತ್ತು. ಸೈಕಲ್ ತುಳಿಯುವಾಗ ನಿಮ್ಮ ಮೀನಖಂಡವೇ ರಕ್ತ ಮೇಲೆ ತಳ್ಳುತ್ತೆ. ಕೂತಾಗ ಅದು ಕೆಲಸ ಮಾಡಲ್ಲ."

ಸಾಹೇಬರು ನನ್ನ ಕಡೆ ತಿರುಗಿದರು. "ಅಂದ್ರೆ ಮೇಡಮ್ಮ, ಬೇಡದ ಕಡೆ ಹಾಕ್ಕಂಡು ಬೇಕಾದ ಕಡೆ ಬಿಚ್ಚಿಟ್ಟೆ."

ನಾನು ಗೆದ್ದೆ ಎಂದು ಹಿಗ್ಗುವ ಹೊತ್ತು ಅದಾಗಿರಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ. ತಿಂಗಳುಗಟ್ಟಲೆ ನಮ್ಮಿಬ್ಬರಿಗೂ ತಮಾಷೆಯಾಗಿದ್ದ ಒಂದು ವಾದ ಜೀವಕ್ಕೇ ಇಷ್ಟು ಹತ್ತಿರ ಬಂದು ನಿಂತಿತ್ತು.

ಮಾತ್ರೆ ತಿಂಗಳುಗಳ ಕಾಲ ನಡೆಯಿತು. ಮೊದಲು ಬೀರೂರು ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದರು. ಆಮೇಲೆ ಡಾಕ್ಟರು ಸೈಕಲ್ಲಿಗೂ ಒಪ್ಪಿಗೆ ಕೊಟ್ಟರು. ಎಡಗಾಲಿಗೆ ಮಾತ್ರ, ಅವರೇ ಅಳತೆ ನೋಡಿ ಬರೆದುಕೊಟ್ಟ ಸಾಕ್ಸ್. ಈಗ ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ತಿರುಗುವವರು ಅವರಾದರು. ನಾನು ಸಾಕ್ಸಿಲ್ಲದೆ ತುಳಿಯುತ್ತೇನೆ. ಯಾರಾದರೂ ಕೇಳಿದರೆ ಧೈರ್ಯವಾಗಿ ಹೇಳುತ್ತೇನೆ: ಬೇಗ ಹೋಗಬೇಕೆಂದು ಕೊಳ್ಳಬೇಡಿ, ಕಾಲು ಊದಿಕೊಳ್ಳುವವರಾದರೆ ಅಳತೆಗೆ ಸರಿಯಾದದ್ದು ಕೊಳ್ಳಿ, ಒಂದೇ ಕಾಲು ಊದಿ ನೋವಾದರೆ ಸಾಕ್ಸಿಗೆ ಕೈ ಹಾಕದೆ ಡಾಕ್ಟರ ಹತ್ತಿರ ಹೋಗಿ.

ಹೋದ ಕಾರ್ತೀಕದಲ್ಲಿ ನಾವಿಬ್ಬರೂ ಮತ್ತೆ ಲಿಂಗದಹಳ್ಳಿಗೆ ಹೋದೆವು. ಟೀ ಕುಡಿದ ಮೇಲೆ ಅವರು ಬೆಂಚಿನ ಮೇಲೆ ಕೂತೇ ಅಂದರು, "ನೀವು ಹೋಗಿ ಬನ್ನಿ ಮೇಡಮ್ಮ. ನಾನು ಇಲ್ಲೇ ಇರ್ತೀನಿ."

ನಾನು ಒಬ್ಬಳೇ ಹತ್ತಿದೆ. ಬಿಸಿಲು ಹದವಾಗಿತ್ತು, ಉಸಿರು ಕೈಕೊಡಲಿಲ್ಲ. ಮೇಲೆ ಕಟ್ಟೆಯೊಂದರ ಮೇಲೆ ಕೂತು ಬಾಳೆಹಣ್ಣು ತಿಂದು ಮುಗಿಸಿ ಬಹಳ ಹೊತ್ತಾಗಿತ್ತು. ಇನ್ನೇನು ಇಳಿಯಬೇಕು, ಕೆಳಗಿನ ತಿರುವಿನಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದ ಸಾಹೇಬರು ಕಂಡರು. ನನ್ನನ್ನು ನೋಡಿದ್ದೇ ಸೈಕಲ್ ಹತ್ತಿ ಕೊನೆಯ ನೂರು ಮೀಟರು ತುಳಿದುಕೊಂಡು ಬಂದರು.

"ಅಲ್ಲೇ ಇರ್ತೀನಿ ಅಂದಿದ್ರಲ್ಲ ಸಾರ್!"

"ಕೂತ್ಕಬೇಡಿ, ಓಡಾಡಿ ಅಂತ ಡಾಕ್ಟ್ರೇ ಅಂದವ್ರಲ್ಲ," ಅಂದವರೇ ಏದುಸಿರು ಬಿಡುತ್ತ ನೀರಿನ ಬಾಟಲಿಗೆ ಕೈ ಚಾಚಿದರು.