ಸೆರಗಿನ ಹುಳದ ಪಂತ ಮುಗಿಸದೆ ಹೋದ ನೀಲಮ್ಮ

ನೀಲಮ್ಮ ಹೋದಳಂತೆ...
ಬೆಳಿಗ್ಗೆ ಅವಳ ಮಗ ಫೋನ್ ಮಾಡಿದಾಗ "ಸುಳ್ಳು ಹೇಳಬ್ಯಾಡಪ್ಪಾ" ಎಂದು ಗದರಿಬಿಟ್ಟೆ.
ಮೊನ್ನೆಯಷ್ಟೇ ವಿಡಿಯೋ ಕಾಲ್‌ನಲ್ಲಿ ಜಗಳವಾಡಿದವಳು...
ಅದನ್ನು ಮುಗಿಸದೆ ಹೋಗುವುದೆಂದರೇನು?

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಹೊಸಪೇಟೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ. ಇಬ್ಬರೂ ಹೈಸ್ಕೂಲು, ಒಂದೇ ವಯಸ್ಸು.
ಹಂಪಿ ಕಡೆಯ ಕಾಲುವೆಗೆ ಬಟ್ಟೆ ಒಗೆಯಲು ಹೋದರೆ, ಒಗೆಯುವವಳು ನಾನೊಬ್ಬಳೇ.
ಇವಳು ಪಾಚಿಗಲ್ಲಿನ ಪಕ್ಕ, ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಹುಳ ನೋಡುತ್ತಿದ್ದಳು...
ಉಗುರಿಗಿಂತ ಚಿಕ್ಕದು. ಮಣ್ಣಿನದೇ ಬಣ್ಣ.
"ಮಿಡತಿ ಮರಿ ಐತಿ, ಬಿಡಲೇ."
"ಮರಿ ಅಲ್ಲಲೇ, ಬೆಳದದ್ದ ಇಷ್ಟು! ಬೆನ್ನ ನೋಡು. ಮಿಡತಿ ಸೆರಗು ಕುತ್ತಿಗಿಗೇ ಮುಗೀತೈತಿ. ಇದು ಬಾಲದ ತನಕ ಹೊದ್ದೈತಿ."
ಅಂದಿನಿಂದ ನಮಗದು ಸೆರಗಿನ ಹುಳ.
ಗ್ರೌಂಡ್‌ಹಾಪರ್ ಎಂಬ ಹೆಸರನ್ನು ಮೊಮ್ಮಗಳು ಮೊಬೈಲ್‌ನಲ್ಲಿ ತೋರಿಸಿದ್ದು ಈಚೆಗೆ.

ಒಂದು ದಿನ ಅದು ನೀರಿಗೆ ಹಾರಿ ಮುಳುಗಿತು.
"ಸತ್ತುಹೋತು" ಎಂದೆ.
"ಈಜಾಕತ್ತೈತಿ, ಮ್ಯಾಲ ಬರ್ತೈತಿ ನೋಡು" ಎಂದಳು.
ಕಾದೆವು. ಕಾಣಲಿಲ್ಲ.
ಪಂತ ಬಿತ್ತು... ಸೋತವಳು ಗೆದ್ದವಳನ್ನು ಇನ್ನು ಮೇಲೆ "ಅಕ್ಕ" ಎನ್ನಬೇಕು.

ನೀಲಿ, ಈಗ ನಿನಗೇ ಹೇಳುತ್ತಿದ್ದೇನೆ, ಕೇಳು...
ನೀನು ಸಂಡೂರಿನ ಸೊಸೆ, ನಾನು ಕಂಪ್ಲಿಯ ಸೊಸೆ.
ನೀನು ಬಂದಾಗಲೆಲ್ಲ ರೇಷ್ಮೆ ಸೀರೆಯುಟ್ಟು ನಮ್ಮ ಗದ್ದೆಯ ಕೆಸರಿನಲ್ಲಿ ಕೂರುತ್ತಿದ್ದೆ. ನಮ್ಮತ್ತೆಯ ಎದುರಿಗೇ!
ನಿನ್ನ ಹುಳವೋ... ಒಮ್ಮೆಯೂ ನೀರಿಗೆ ಹಾರಲಿಲ್ಲ. ಬದುವಿಗೇ ಹಾರುತ್ತಿತ್ತು.
"ಒಂದು ಬೋಗುಣಿ ಕೊಡಲೇ, ನೀರಾಗ ಬಿಟ್ಟು ತೋರಸ್ತೀನಿ" ಎಂದೆ ನೀನು.
ಅಡುಗೆಮನೆಯ ಬೋಗುಣಿಗೆ ಹುಳವೇ?
ನಾನು ಕೊಡಲಿಲ್ಲ. ಈಗ ಕೇಳಿದರೂ ಕೊಡುವುದಿಲ್ಲ.

ಇವತ್ತು ನಿನ್ನ ಮುಖ ನೋಡಲು ಸಂಡೂರಿಗೆ ಹೊರಟವಳು, ಆ ಕಾಲುವೆಯ ಹತ್ತಿರ ಕಾರು ನಿಲ್ಲಿಸಿದೆ.
"ಅಮ್ಮಾರ, ತಡಾ ಆಗ್ತೈತ್ರಿ" ಎಂದ ಡ್ರೈವರ್.
"ಅಕಿ ಇನ್ನ ಎಲ್ಲಿಗೂ ಹೋಗಂಗಿಲ್ಲ, ನಿಲ್ಲಪಾ" ಎಂದೆ.
ಒದ್ದೆ ಕಲ್ಲಿನ ಮೇಲೆ ಸೆರಗಿನ ಹುಳ ಕೂತಿತ್ತು. ಆಪರೇಷನ್ ಆದ ಕಣ್ಣು, ಚೆನ್ನಾಗಿಯೇ ಕಾಣುತ್ತದೆ.
ಊರುಗೋಲಿನ ತುದಿ ತಾಗಿಸಿದೆ.
ಹಾರಿತು... ನೀರಿಗೆ.
ಮುಳುಗಿತು. ಹಿಂಗಾಲು ಒದೆಯುತ್ತ ಒಳಗೊಳಗೇ ಸಾಗಿ, ಆಚೆಯ ಕಲ್ಲು ಹತ್ತಿ ಕೂತಿತು.
ಏನೂ ಆಗದವರ ಹಾಗೆ. ನಿನ್ನ ಹಾಗೇ.
ಇವತ್ತೇ ಈಜಬೇಕಿತ್ತೇ ಅದಕ್ಕೆ? ನೋಡಿ ಮೆರೆಯಲು ನೀನಿಲ್ಲದಾಗ?

ಸಂಡೂರಿನಲ್ಲಿ ಬಗ್ಗಿ ನಿನ್ನ ಕಿವಿಯಲ್ಲಿ ಒಂದು ಮಾತು ಹೇಳಿದೆ. ನೆರೆದವರು ಮಂತ್ರವೆಂದುಕೊಂಡರು... ಅಂದುಕೊಳ್ಳಲಿ.

ಹೋದಲ್ಲಿ ತಂಪು ನೆಲ ಸಿಗಲಿ. ನಿನ್ನ ಜೀವಕ್ಕೆ ನೆಮ್ಮದಿಯಾಗಲಿ.
ಹೋಗಿ ಬಾ... ಅಕ್ಕ.